ಹೊಟ್ಟೆ ತುಂಬಿದೆ, ಆದರೂ ಮೈ ಇಳಿಯುತ್ತಿದೆ: ಬಿಸಿಲಲ್ಲಿ ಮೇಯುವ ದನ-ಕುರಿಗಳ ಮೇವಿನ ಚರ್ಚೆ

ಬಯಲು_ಮೇವು (ಚರ್ಚೆ ಶುರು ಮಾಡಿದವರು) · ಮೊದಲ ದಿನ, ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 45 ಕುರಿ, 7 ಹಸು ಇವೆ. ಎಲ್ಲವೂ ಬಯಲಲ್ಲಿ ಮೇಯುವಂಥವು. ಮಳೆ ನಿಂತು ನಾಲ್ಕು ತಿಂಗಳು ದಾಟಿತು. ಹುಲ್ಲು ಒಣಗಿದೆ, ಆದರೆ ಖಾಲಿಯಾಗಿಲ್ಲ. ನನ್ನ ತಲೆಗೆ ಹೋಗದೇ ಇರೋದು ಅದೇ. ಸಂಜೆ ಹಟ್ಟಿಗೆ ಬಂದಾಗ ನೋಡಿದರೆ ಹೊಟ್ಟೆ ತುಂಬಿರುತ್ತದೆ. ಬೆನ್ನು ಸವರಿದರೆ ಮಾತ್ರ ಮೂಳೆ ಕೈಗೆ ಚುಚ್ಚುತ್ತದೆ. ಸಗಣಿ ಗಟ್ಟಿಯಾಗಿ, ಬಿಲ್ಲೆಯ ಮೇಲೆ ಬಿಲ್ಲೆ ಇಟ್ಟ ಹಾಗೆ ಬೀಳುತ್ತಿದೆ. ಹಾಲು ಅರ್ಧಕ್ಕೆ ಇಳಿದಿದೆ. ಜಂತಿನ ಔಷಧಿ ಕುಡಿಸಿ ಆಯಿತು, ಏನೂ ವ್ಯತ್ಯಾಸವಿಲ್ಲ.

ಬೆಳಗ್ಗೆ ಎಂಟಕ್ಕೆ ಬಿಡುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ವಾಪಸ್ ಹೊಡೆದುಕೊಂಡು ಬಂದು ಒಣ ಸೊಪ್ಪೆ ಹಾಕುತ್ತೇನೆ. ಮೂಸಿ ನೋಡಿ ಬಿಡುತ್ತವೆ. ನಾಳೆಯಿಂದ ಕಾಳು ಕೊಡೋಣ ಅಂತಿದ್ದೇನೆ. ಕುರಿಗೆ ತಲಾ ಅರ್ಧ ಕೆಜಿ ಸಾಕಾ, ಜಾಸ್ತಿ ಬೇಕಾ?

ಹಳೇ_ರೊಪ್ಪ · ಮೊದಲ ದಿನ, ರಾತ್ರಿ

ನಿಲ್ಲಿ ನಿಲ್ಲಿ. ನಾಳೆ ಅರ್ಧ ಕೆಜಿ ಕೊಡಬೇಡಿ. ದಯವಿಟ್ಟು.

ಇದು ನಾನು ಕುರಿ ಕಳೆದುಕೊಂಡು ಕಲಿತ ಪಾಠ. ಇಂಥದ್ದೇ ಒಂದು ಬರದ ವರ್ಷ, ಕುರಿ ಸೊರಗಿವೆ ಅಂತ ಕನಿಕರ ಉಕ್ಕಿ, ಒಂದು ಮೂಟೆ ಗೋಧಿಯನ್ನು ತೊಟ್ಟಿಗೆ ಸುರಿದುಬಿಟ್ಟೆ. ಗಟ್ಟಿ ಇದ್ದ ಕುರಿಗಳು ನುಗ್ಗಿ ತಿಂದವು. ಮಾರನೇ ದಿನ ಅವೇ ಬಿದ್ದವು. ಹುಳಿ ವಾಸನೆಯ ನೀರು ಭೇದಿ, ಹಲ್ಲು ಕಡಿಯೋದು, ಕಾಲು ಎಳೆಯೋದು. ಒಟ್ಟು ಒಂಬತ್ತು ಹೋದವು. ಬಡಕಲು ಕುರಿಗಳು ಉಳಿದವು, ಯಾಕೆಂದರೆ ಅವಕ್ಕೆ ತೊಟ್ಟಿ ಹತ್ತಿರ ಬರೋಕೆ ಜಾಗವೇ ಸಿಕ್ಕಿರಲಿಲ್ಲ!

ಹುಲ್ಲು ತಿಂದು ರೂಢಿಯಾದ ಹೊಟ್ಟೆಗೆ ಏಕಾಏಕಿ ಪಿಷ್ಟ ಬಿದ್ದರೆ ಹುಳಿ ಏರುತ್ತದೆ. ಕುರಿಗೆ ದಿನಕ್ಕೆ 50 ಗ್ರಾಂನಿಂದ ಶುರು ಮಾಡಿ. ಎರಡು ಮೂರು ದಿನಕ್ಕೊಮ್ಮೆ ಇನ್ನೊಂದು 50 ಗ್ರಾಂ ಏರಿಸಿ. ಪೂರ್ತಿ ಅಳತೆಗೆ ಬರೋಕೆ ಎರಡರಿಂದ ಮೂರು ವಾರ ಹಿಡಿಯಲಿ, ಅವಸರ ಬೇಡ. ಕಾಳಿಗೆ ಮುಂಚೆ ಸ್ವಲ್ಪ ಒಣಮೇವು ಹೊಟ್ಟೆಯಲ್ಲಿ ಇರಲಿ. ಕುರಿಗೆ ಕಾಳನ್ನು ಇಡಿಯಾಗಿಯೇ ಕೊಡಬಹುದು, ಅಗಿದು ತಿನ್ನುತ್ತದೆ. ಹಸುವಿಗೆ ಮುರಿದು ಕೊಡಬೇಕು, ಇಲ್ಲದಿದ್ದರೆ ಸಗಣಿಯಲ್ಲಿ ಹಾಗೇ ಆಚೆ ಬರುತ್ತದೆ. ತೀರಾ ಹಿಟ್ಟು ಮಾಡಿದರೆ ಮತ್ತೆ ಹುಳಿಯ ಅಪಾಯ.

ಪಶುವೈದ್ಯೆ · ಎರಡನೇ ದಿನ, ಬೆಳಗ್ಗೆ

ಹಳೇ ರೊಪ್ಪದವರು ಹೇಳಿದ್ದು ಸರಿ. ಆದರೆ ಅದಕ್ಕೂ ಮುಂಚಿನ ಪ್ರಶ್ನೆ ಒಂದಿದೆ. ಇವಕ್ಕೆ ಮೊದಲು ಕಾಳೇ ಬೇಕಾ?

ಸಗಣಿ ಬಿಲ್ಲೆ ಬಿಲ್ಲೆಯಾಗಿದೆ ಅಂದಿರಿ, ಹೊಟ್ಟೆ ತುಂಬಿದೆ ಅಂದಿರಿ. ಈ ಎರಡೂ ಒಟ್ಟಿಗೆ ಕಂಡರೆ ನನಗೆ ಮೊದಲ ಅನುಮಾನ ಪ್ರೋಟೀನ್ ಮೇಲೆ. ಹುಲ್ಲನ್ನು ಕರಗಿಸೋದು ಹಸುವಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಅವಕ್ಕೆ ಸಾರಜನಕ ಬೇಕು, ಅದು ಪ್ರೋಟೀನಿನಲ್ಲಿರುತ್ತದೆ. ಮೇವಿನ ಒಣ ತೂಕದಲ್ಲಿ ಪ್ರೋಟೀನ್ ಸುಮಾರು 7 ಶೇಕಡಕ್ಕಿಂತ ಕೆಳಗೆ ಇಳಿದರೆ ಅವು ಸೊರಗುತ್ತವೆ. ಬಲಿತು, ಒಣಗಿ, ಬಿಸಿಲಿಗೆ ಬಿಳಿಚಿದ ಹುಲ್ಲಲ್ಲಿ 3-4 ಶೇಕಡ ಇದ್ದರೂ ಹೆಚ್ಚು. ಆಗ ನಾರು ಕರಗೋದು ನಿಧಾನವಾಗುತ್ತದೆ, ಮುಂದಕ್ಕೆ ಹೋಗೋದೂ ನಿಧಾನವಾಗುತ್ತದೆ. ಹೊಟ್ಟೆ ಖಾಲಿಯಾಗಲ್ಲ, ಹಾಗಾಗಿ ಹೊಸ ಮೇವು ತಿನ್ನಲ್ಲ. ನಿಮಗೆ ಕಾಣುತ್ತಿರುವ ತುಂಬಿದ ಹೊಟ್ಟೆಯಲ್ಲಿ ಮೊನ್ನೆಯ ಹುಲ್ಲೂ ಇದೆ.

ಇಂಥ ಹೊಟ್ಟೆಗೆ ಬರೀ ಕಾಳು ಹಾಕಿದರೆ ಹುಲ್ಲು ಕರಗೋದು ಇನ್ನೂ ಕಡಿಮೆಯಾಗಬಹುದು. ಮೊದಲು ಹಿಂಡಿ (ಎಣ್ಣೆ ತೆಗೆದ ಮೇಲೆ ಉಳಿಯುವ, ಪ್ರೋಟೀನ್ ಜಾಸ್ತಿ ಇರುವ ಗಸಿ) ಕೊಟ್ಟು ನೋಡಿ. ಕುರಿಗೆ 100-150 ಗ್ರಾಂ, ಹಸುವಿಗೆ ಅರ್ಧದಿಂದ ಒಂದು ಕೆಜಿ. ಹತ್ತು ದಿನದಲ್ಲಿ ಸಗಣಿ ಮೆತ್ತಗಾಗಬೇಕು, ಒಣಹುಲ್ಲು ತಿನ್ನೋದು ಹೆಚ್ಚಬೇಕು. ಹಾಗಾದರೆ ತೊಂದರೆಯ ಮೂಲ ಸಿಕ್ಕಿತು ಅಂತ ಅರ್ಥ.

ಹಿಂಡಿ ದಿನಾ ಕೊಡಲೇಬೇಕು ಅಂತಿಲ್ಲ. ವಾರದ ಅಳತೆಯನ್ನು ಮೂರು ಸಲ ಹಂಚಿ ಕೊಟ್ಟರೂ ನಡೆಯುತ್ತದೆ. ಮೆಲುಕು ಹಾಕುವ ಪ್ರಾಣಿ ಮಿಕ್ಕ ಸಾರಜನಕವನ್ನು ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಗೆ ಕಳಿಸಿಕೊಳ್ಳುತ್ತದೆ. ಜಾಣ ವ್ಯವಸ್ಥೆ ಅಲ್ವಾ.

ಹೊಸ_ಹಟ್ಟಿ · ಎರಡನೇ ದಿನ

ಮೇಡಂ, ಹಿಂಡಿ ಬದಲು ಯೂರಿಯಾ ಕೊಟ್ಟರೆ ಆಗಲ್ವಾ? ಅದರಲ್ಲಿ 46 ಶೇಕಡ ಸಾರಜನಕ ಇದೆ ಅಂತ ಓದಿದ್ದೆ. ಕುಡಿಯೋ ನೀರಿಗೆ ಸ್ವಲ್ಪ ಹಾಕಿದರೆ ಎಲ್ಲಕ್ಕೂ ಸಮನಾಗಿ ಹೋಗುತ್ತೆ.

ಪಶುವೈದ್ಯೆ · ಎರಡನೇ ದಿನ

ನೀರಿಗೆ ಬೇಡ. ಯಾವತ್ತೂ ಬೇಡ. ಬಾಯಾರಿ ಬಂದ ಪ್ರಾಣಿ ಒಂದೇ ಗುಕ್ಕಿಗೆ ಕುಡಿದು ಹತ್ತಿಪ್ಪತ್ತು ನಿಮಿಷದಲ್ಲಿ ನಡುಗಲು ಶುರು ಮಾಡುತ್ತದೆ, ಹೊಟ್ಟೆ ಉಬ್ಬುತ್ತದೆ, ಬೀಳುತ್ತದೆ. ನಾವು ಬರುವಷ್ಟರಲ್ಲಿ ಮುಗಿದಿರುತ್ತದೆ.

ಯೂರಿಯಾ ಬಳಸಬಹುದು, ಆದರೆ ನಿಧಾನವಾಗಿ ಒಳಗೆ ಹೋಗುವ ಹಾಗೆ. ಒಂದು ದಾರಿ, ಹುಲ್ಲಿಗೇ ಉಪಚಾರ ಮಾಡೋದು. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾ. ಅದನ್ನು 50 ಲೀಟರ್ ಆಸುಪಾಸು ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿ ಆಡದ ಹಾಗೆ ಮುಚ್ಚಿ 21 ದಿನ ಬಿಡಬೇಕು. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ ಕೊಡಿ, ಮೂಗಿಗೆ ಹೊಡೆಯುವ ವಾಸನೆ ಹೋಗಲಿ. ಇನ್ನೊಂದು ದಾರಿ, ಯೂರಿಯಾಕ್ಕೆ ಕಾಕಂಬಿ-ಖನಿಜ ಸೇರಿಸಿ ಮಾಡಿದ ನೆಕ್ಕುವ ಇಟ್ಟಿಗೆ. ಗಟ್ಟಿ ಇರಬೇಕು. ಕಚ್ಚಿ ತಿನ್ನೋಕೆ ಬಂದರೆ ಅದು ಇಟ್ಟಿಗೆಯಲ್ಲ, ವಿಷದ ತುಂಡು.

ಆರು ತಿಂಗಳ ಒಳಗಿನ ಕರುಗಳಿಗೆ ಬೇಡ. ಹಸಿದ ಹೊಟ್ಟೆಗೆ ಬೇಡ. ಒಟ್ಟು ಮೇವಿನ ಒಣ ತೂಕದ 1 ಶೇಕಡ ಮೀರೋದು ಬೇಡ. ಹಿಂಡಿಯ ವಾರಕ್ಕೆ ಮೂರು ಸಲದ ಲೆಕ್ಕ ಇದಕ್ಕೆ ಹೊಂದಲ್ಲ, ದಿನಾ ಸ್ವಲ್ಪ ಸ್ವಲ್ಪವೇ ಹೋಗಬೇಕು.

ಹಳೇ_ರೊಪ್ಪ · ಎರಡನೇ ದಿನ

ಇನ್ನೊಂದು ಸೇರಿಸ್ತೀನಿ. ನೆಕ್ಕುವ ಇಟ್ಟಿಗೆ ಇಟ್ಟ ತೊಟ್ಟಿಗೆ ತೂತು ಇರಲಿ, ಮೇಲೆ ಮಾಡು ಇರಲಿ. ಅಕಾಲದಲ್ಲಿ ಒಂದು ಮಳೆ ಬಿದ್ದು ಇಟ್ಟಿಗೆ ಕರಗಿ ತೊಟ್ಟಿಯಲ್ಲಿ ನಿಂತರೆ, ಆ ನೀರು ಕುಡಿದ ದನ ಉಳಿಯಲ್ಲ.

ನೆರಳು_ನೀರು · ಎರಡನೇ ದಿನ, ಸಂಜೆ

ಎಲ್ಲರೂ ಏನು ಕೊಡಬೇಕು ಅಂತ ಹೇಳ್ತಿದ್ದೀರಿ. ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಹೊತ್ತು. ಬಯಲು ಮೇವು ಅವರೇ, ಮಧ್ಯಾಹ್ನ ಹನ್ನೆರಡಕ್ಕೆ ಸೊಪ್ಪೆ ಹಾಕ್ತಿದ್ದೀರಾ?

ಮೇವು ಹೊಟ್ಟೆಯಲ್ಲಿ ಹುದುಗುವಾಗ ಶಾಖ ಹುಟ್ಟುತ್ತದೆ. ನಾರು ಜಾಸ್ತಿ ಇರುವ ಒರಟು ಮೇವಿಗೆ ಆ ಶಾಖವೂ ಜಾಸ್ತಿ. ತಿಂದ ಕೂಡಲೇ ಅಲ್ಲ, ನಾಲ್ಕಾರು ಗಂಟೆ ಬಿಟ್ಟು ಅದು ತುತ್ತತುದಿಗೆ ಏರುತ್ತದೆ. ಹನ್ನೆರಡಕ್ಕೆ ತಿಂದರೆ ಮೇಲೆ ಬಿಸಿಲು ಕಾಯುವ ಹೊತ್ತಿಗೇ ಒಳಗೂ ಒಲೆ ಉರಿಯುತ್ತದೆ. ಅವು ಮೂಸಿ ಬಿಡೋದು ಸೊಕ್ಕಿಗಲ್ಲ. ಒಲೆಗೆ ಸೌದೆ ಹಾಕಬೇಡ ಅಂತ ಮೈ ಹೇಳ್ತಿದೆ.

ಬೆಳಗ್ಗೆ ಬೆಳಕು ಹರಿಯೋ ಮುಂಚೆ ಬಿಡಿ. ಒಂಬತ್ತು-ಹತ್ತಕ್ಕೆ ನೆರಳಿಗೆ ತನ್ನಿ. ಸಂಜೆ ಮತ್ತೆ ಬಿಡಿ, ಕಾವಲು ಇದ್ದರೆ ರಾತ್ರಿಯೂ ಮೇಯಲಿ. ಕೈಯಿಂದ ಹಾಕುವ ಒಣಮೇವಿನಲ್ಲಿ ಮೂರರಲ್ಲಿ ಎರಡು ಪಾಲು ಸಂಜೆ ಬಿಸಿಲು ಇಳಿದ ಮೇಲೆ ಬೀಳಲಿ. ಮಧ್ಯಾಹ್ನ ನೆರಳು, ನೀರು, ಅಷ್ಟೇ.

ಇನ್ನೊಂದು ಕೆಲಸ ಮಾಡಿ. ಮಧ್ಯಾಹ್ನ ಎರಡು-ಮೂರು ಗಂಟೆಗೆ ಹಸುವಿನ ಪಕ್ಕೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿ. 60 ದಾಟಿದರೆ ಶಾಖ ತಟ್ಟಿದೆ. 80-90 ಆದರೆ ಜೋರಾಗಿಯೇ ತಟ್ಟಿದೆ. ಥರ್ಮಾಮೀಟರ್ ಬೇಡ, ಗಡಿಯಾರ ಸಾಕು. ಆಮೇಲೆ ನೀರು ಎಷ್ಟು ದೂರ ಅಂತ ಹೇಳಿ.

ಬಯಲು_ಮೇವು · ಮೂರನೇ ದಿನ

ಎಣಿಸಿದೆ. ದೊಡ್ಡ ಹಸುವಿಗೆ 84. ಬಾಯಿ ತೆರೆದುಕೊಂಡಿತ್ತು, ಜೊಲ್ಲು ದಾರದ ಹಾಗೆ ಇಳೀತಿತ್ತು. ಇಷ್ಟು ದಿನ ಅದನ್ನು ನೋಡ್ತಾನೇ ಇದ್ದೆ, ಮೆಲುಕು ಹಾಕ್ತಿದೆ ಅಂದುಕೊಂಡಿದ್ದೆ. ನಾಚಿಕೆಯಾಯಿತು.

ನೀರು ನಾಲ್ಕು ಕಿಲೋಮೀಟರ್ ದೂರದ ಕೆರೆಯಲ್ಲಿ. ಹತ್ತಿರದ್ದು ಬತ್ತಿದೆ. ದಿನಕ್ಕೆ ಒಂದು ಸಲ ಕರೆದುಕೊಂಡು ಹೋಗ್ತೀನಿ.

ನೆರಳು_ನೀರು · ಮೂರನೇ ದಿನ

ಅಲ್ಲೇ ಇದೆ ನೋಡಿ ಸೋರಿಕೆ. ಹೋಗಿ ಬರೋದು ಎಂಟು, ಮೇಯುತ್ತಾ ಅಲೆಯೋದು ಎರಡು ಅಂತ ಇಟ್ಟುಕೊಳ್ಳೋಣ. 400 ಕೆಜಿ ತೂಗುವ ಹಸು ಸಮತಟ್ಟು ನೆಲದಲ್ಲಿ 10 ಕಿಲೋಮೀಟರ್ ನಡೆದರೆ, ಸುಮ್ನೆ ನಿಂತು ಬದುಕೋಕೆ ಬೇಕಾದ ಶಕ್ತಿಯ ಸುಮಾರು ಕಾಲು ಭಾಗದಷ್ಟು ಹೆಚ್ಚುವರಿ ಖರ್ಚು. ಏರು ಇಳಿಜಾರಾದರೆ ಇನ್ನೂ ಜಾಸ್ತಿ. ನೀವು ಕೊಡಬೇಕು ಅಂತಿರೋ ಕಾಳು ಆ ದಾರಿಯಲ್ಲೇ ಕರಗಿ ಹೋಗುತ್ತದೆ.

ದಿನಕ್ಕೊಂದೇ ಸಲ ನೀರು ಅಂದರೆ ಮೇವೂ ಕಡಿಮೆಯಾಗುತ್ತದೆ. ಹಸು ತಿನ್ನುವ ಒಂದು ಕೆಜಿ ಒಣಮೇವಿಗೆ ತಂಪು ಹೊತ್ತಲ್ಲೇ ಸುಮಾರು ನಾಲ್ಕು ಲೀಟರ್ ನೀರು ಬೇಕು. ಬಿಸಿಲಲ್ಲಿ ಅದು ದುಪ್ಪಟ್ಟು ಹತ್ತಿರ ಹೋಗುತ್ತದೆ. ನೀರಿಲ್ಲದಿದ್ದರೆ ಪ್ರಾಣಿ ಮೊದಲು ಬಿಡೋದು ಮೇವನ್ನೇ. ನೀರನ್ನು ಮೇವಿನ ಹತ್ತಿರ ತರೋಕೆ ಆಗುತ್ತದಾ ನೋಡಿ. ಟ್ಯಾಂಕರ್, ಡ್ರಮ್, ಏನಾದರೂ. ತೊಟ್ಟಿ ನೆರಳಲ್ಲಿರಲಿ. ಕಪ್ಪು ಪೈಪು ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಬರೋದು ನೀರಲ್ಲ, ಕಷಾಯ. ಹಸುಗಳು ಬಿಸಿ ನೀರು ಕಡಿಮೆ ಕುಡಿಯುತ್ತವೆ.

ಮತ್ತೆ, ಬತ್ತುತ್ತಿರುವ ಕೆರೆಯ ನೀರಲ್ಲಿ ಉಪ್ಪಿನ ಅಂಶ ಏರುತ್ತಾ ಹೋಗುತ್ತದೆ. ಲೀಟರಿಗೆ 3000 ಮಿಲಿಗ್ರಾಂ ಒಳಗೆ ಲವಣ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 10,000 ದಾಟಿದರೆ ಆ ಕಡೆ ಬಿಡಲೇಬೇಡಿ. ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟಿದ್ದರೂ ಅಷ್ಟೇ, ಕೆಲವು ಪಾಚಿ ನೇರ ಯಕೃತ್ತಿಗೆ ಹೊಡೆಯುತ್ತವೆ.

ಪಶುವೈದ್ಯೆ · ಮೂರನೇ ದಿನ

ಜೊಲ್ಲಿನ ವಿಷಯ ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸುತ್ತದೆ. ಅದರಲ್ಲಿ ಸೋಡಾ ಅಂಶ ಇರುತ್ತದೆ, ಹೊಟ್ಟೆಯ ಹುಳಿಯನ್ನು ತಣಿಸೋದೇ ಅದು. ಏದುಸಿರು ಬಿಡುವಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆಚೆ ಹೋಗುತ್ತದೆ. ರಕ್ತದ ಸಮತೋಲ ಕಾಪಾಡೋಕೆ ಮೂತ್ರಪಿಂಡ ಆ ಸೋಡಾ ಅಂಶವನ್ನು ಹೊರಗೆ ಹಾಕುತ್ತದೆ. ಮಿಕ್ಕ ಜೊಲ್ಲು ನೆಲಕ್ಕೆ ಬೀಳುತ್ತದೆ. ಮೆಲುಕೂ ಕಡಿಮೆ. ಹೀಗೆ ಹುಳಿ ತಡೆಯುವ ಶಕ್ತಿ ತೀರಾ ಕಡಿಮೆ ಇರುವಾಗಲೇ ನಾವು ಕಾಳು ಸುರಿಯೋಕೆ ಹೊರಡುತ್ತೇವೆ! ಬಿಸಿಲಲ್ಲಿ ಕಾಳು ಇನ್ನೂ ನಿಧಾನವಾಗಿ ಏರಿಸಬೇಕು ಅನ್ನೋದು ಇದಕ್ಕೇ. ಕಾಳು ಹೆಚ್ಚು ತಿನ್ನುವ ಹಾಲು ಹಸುವಿಗೆ ದಿನಕ್ಕೆ 150-200 ಗ್ರಾಂ ಅಡುಗೆ ಸೋಡಾ ದಾಣಿಯಲ್ಲಿ ಬೆರೆಸಿ ಕೊಡೋದುಂಟು.

ಹಸುವಿನ ಬೆವರಲ್ಲಿ ಪೊಟ್ಯಾಸಿಯಂ ತುಂಬಾ ಹೋಗುತ್ತದೆ. ಹಸಿರು ಮೇವಿದ್ದರೆ ಅದು ತಾನಾಗೇ ತುಂಬುತ್ತದೆ. ಒಣಗಿ ಬಿಳಿಚಿದ ಹುಲ್ಲಲ್ಲಿ ಅದೂ ಇರಲ್ಲ. ಉಪ್ಪು, ಖನಿಜ ಮಿಶ್ರಣ ಎರಡೂ ಕೈಗೆಟುಕುವ ಹಾಗೆ ಇಡಿ. ಆದರೆ ನೀರು ಸಾಕಷ್ಟು ಇದ್ದರೆ ಮಾತ್ರ ಉಪ್ಪು.

ಹಾಲಿನ ಬಗ್ಗೆ ಒಂದು ಮಾತು. ಶಾಖದಲ್ಲಿ ಹಾಲು ಇಳಿಯೋದು ಬರೀ ಮೇವು ಕಡಿಮೆ ತಿಂದಿದ್ದಕ್ಕಲ್ಲ. ತಂಪಲ್ಲಿರುವ ಹಸುಗಳಿಗೆ ಅಷ್ಟೇ ಕಡಿಮೆ ಮೇವು ಹಾಕಿ ಹೋಲಿಸಿ ನೋಡಿದ್ದಾರೆ. ಇಳಿದ ಹಾಲಿನಲ್ಲಿ ಹೆಚ್ಚೆಂದರೆ ಅರ್ಧದಷ್ಟಕ್ಕೆ ಮಾತ್ರ ಮೇವು ಕಾರಣ. ಮಿಕ್ಕಿದ್ದು ಶಾಖದ್ದೇ ಕೈವಾಡ. ಎಷ್ಟೇ ಒಳ್ಳೆಯ ಮೇವು ಕೊಟ್ಟರೂ ನೆರಳಿಲ್ಲದೆ ಹಾಲು ಪೂರ್ತಿ ವಾಪಸ್ ಬರಲ್ಲ.

ಚಳಿ_ಬೆಟ್ಟ · ನಾಲ್ಕನೇ ದಿನ

ನಾನು ಇರೋದು ಮೈ ಕೊರೆಯೋ ಚಳಿಯ ಕಡೆ. ಓದುತ್ತಾ ನಗು ಬಂತು. ನೀವು ಯಾವ ಶಾಖಕ್ಕೆ ಹೆದರುತ್ತಿದ್ದೀರೋ, ನಾವು ಅದಕ್ಕೇ ಕೈ ಮುಗಿಯೋದು. ರಾತ್ರಿ ಚಳಿ ಬೀಳುತ್ತೆ ಅಂದರೆ ಸಂಜೆ ಒಂದು ಹೊರೆ ಒರಟು ಹುಲ್ಲು ಜಾಸ್ತಿ ಹಾಕ್ತೀವಿ. ಬೆಳಗಿನ ಜಾವದ ತನಕ ಹೊಟ್ಟೆಯೊಳಗೇ ಅಗ್ಗಿಷ್ಟಿಕೆ. ಅದೇ ಹುಲ್ಲು, ಅದೇ ಸಂಜೆ. ಕಾರಣ ಮಾತ್ರ ತಿರುಗಾಮುರುಗಾ.

ಮೈ ಒಣಗಿದ್ದು ಚಳಿಗಾಲದ ದಪ್ಪ ಕೂದಲಿದ್ದರೆ ಹಸು ಸೊನ್ನೆ ಡಿಗ್ರಿ ಹತ್ತಿರದ ತನಕ ತಡೆದುಕೊಳ್ಳುತ್ತದೆ. ಅದೇ ಹಸು ಮಳೆಯಲ್ಲಿ ನೆನೆದು ಗಾಳಿಗೆ ನಿಂತರೆ 15 ಡಿಗ್ರಿಗೇ ನಡುಗುತ್ತದೆ. ಆ ಮಟ್ಟದಿಂದ ಕೆಳಗೆ ಪ್ರತಿ ಡಿಗ್ರಿ ಇಳಿದಾಗ ಶಕ್ತಿಯ ಬೇಡಿಕೆ ಸುಮಾರು 2 ಶೇಕಡ ಏರುತ್ತದೆ. ಹೊಸದಾಗಿ ಉಣ್ಣೆ ಕತ್ತರಿಸಿದ ಕುರಿಯ ಕಥೆ ಕೇಳಲೇಬೇಡಿ, ನಮಗೆ ಹಿತ ಅನಿಸುವ ಹವೆಯಲ್ಲೇ ಅದು ನಡುಗುತ್ತದೆ.

ಇದನ್ನು ಇಲ್ಲಿ ಹೇಳೋಕೆ ಕಾರಣ ಇದೆ. ಮಂಗೋಲಿಯಾದಲ್ಲಿ ಬೇಸಿಗೆಯ ಬರದ ಹಿಂದೆಯೇ ಘೋರ ಚಳಿ ಬಂದರೆ ಅದನ್ನು ಝುದ್ ಅಂತಾರೆ. 2009-10ರ ಝುದ್‌ನಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಕೊಂದಿದ್ದು ಬರೀ ಚಳಿಯಲ್ಲ. ಬೇಸಿಗೆಯಲ್ಲಿ ಮೈಗೆ ಕೊಬ್ಬು ಕೂಡಿರಲಿಲ್ಲ, ಗುಡ್ಡೆ ಹಾಕಿದ ಹುಲ್ಲು ಇರಲಿಲ್ಲ. ಬಯಲು ಮೇವು ಅವರು ಈಗ ಮೈ ಉಳಿಸಿಕೊಳ್ಳದಿದ್ದರೆ ಏಟು ಬೀಳೋದು ಮುಂದಿನ ಕಾಲದಲ್ಲಿ.

ಹೊಸ_ಹಟ್ಟಿ · ಐದನೇ ದಿನ

ನನ್ನ ಹಸು ಒಂದು ಮೂಳೆ ಕಚ್ಚಿಕೊಂಡು ನಿಂತಿದೆ. ಒಂದು ಗಂಟೆಯಿಂದ ಚೀಪ್ತಿದೆ. ಹುಚ್ಚಾ ಇದಕ್ಕೆ?

ಹಳೇ_ರೊಪ್ಪ · ಐದನೇ ದಿನ

ಹುಚ್ಚಲ್ಲ. ಮೈಗೆ ರಂಜಕ (ಫಾಸ್ಫರಸ್) ಸಾಲದು. ಕಿತ್ತು ಬಿಸಾಕಿ, ಈಗಲೇ. ಬಯಲಲ್ಲಿ ಬಿದ್ದಿರುವ ಹೆಣದ ಮೂಳೆಗಳನ್ನೆಲ್ಲ ಆರಿಸಿ ಹೂಳಿಬಿಡಿ.

ಇದರ ಹಿಂದೆ ಒಂದು ಒಳ್ಳೆ ಪತ್ತೇದಾರಿ ಕಥೆ ಇದೆ. ದಕ್ಷಿಣ ಆಫ್ರಿಕಾದಲ್ಲಿ ದನಗಳು ಕಾಲಿನ ಶಕ್ತಿ ಹೋಗಿ ಬಿದ್ದು ಸಾಯುತ್ತಿದ್ದವು. ಯಾವುದೋ ವಿಷದ ಗಿಡ ಇರಬೇಕು ಅಂತ ಬಹಳ ಕಾಲ ಅಂದುಕೊಂಡಿದ್ದರು. ಅರ್ನಾಲ್ಡ್ ಥೀಲರ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಜೊತೆಯವರು ಗಂಟು ಬಿಚ್ಚಿದರು. ಮಣ್ಣಲ್ಲಿ ರಂಜಕ ಇಲ್ಲ, ಹಾಗಾಗಿ ಹುಲ್ಲಲ್ಲಿಲ್ಲ, ಹಾಗಾಗಿ ದನ ಮೂಳೆ ಚೀಪುತ್ತದೆ, ಕೊಳೆತ ಮೂಳೆಯಲ್ಲಿ ಬಾಟುಲಿಸಂ ವಿಷ, ಅಂದರೆ ಬ್ಯಾಕ್ಟೀರಿಯಾ ಹುಟ್ಟಿಸುವ, ಮೈ ಶಕ್ತಿ ಕಸಿಯುವ ವಿಷ. ಮೂಳೆಹಿಟ್ಟು ಕೊಟ್ಟ ದನಗಳು ಮೂಳೆ ಹುಡುಕೋದನ್ನೇ ಬಿಟ್ಟವು. ಅವರ ಮಗ ಮ್ಯಾಕ್ಸ್ ಥೀಲರ್‌ಗೆ ಹಳದಿ ಜ್ವರದ ಲಸಿಕೆಗಾಗಿ 1951ರ ನೊಬೆಲ್ ಬಂತು. ಅದು ಬೇರೆ ಮಾತು ಬಿಡಿ.

ಪಶುವೈದ್ಯೆ · ಐದನೇ ದಿನ

ಮೂಳೆಹಿಟ್ಟು ಆ ಕಾಲದ ಮಾತು. ಈಗ ಖನಿಜ ಮಿಶ್ರಣದಲ್ಲಿ ರಂಜಕ ಇರುತ್ತದೆ, ಅದನ್ನೇ ಕೊಡಿ.

ನಾಲ್ಕು ತಿಂಗಳು ಹಸಿರು ಕಂಡಿಲ್ಲ ಅಂದರೆ ವಿಟಮಿನ್ ಎ ಕೂಡ ನೆನಪಿರಲಿ. ದೊಡ್ಡ ಪ್ರಾಣಿಯ ಯಕೃತ್ತಿನಲ್ಲಿ ಎರಡರಿಂದ ನಾಲ್ಕು ತಿಂಗಳಿಗೆ ಆಗುವಷ್ಟು ಸಂಗ್ರಹ ಇರುತ್ತದೆ, ಆಮೇಲೆ ಖಾಲಿ. ಮುಸ್ಸಂಜೆಯಲ್ಲಿ ಕಣ್ಣು ಕಾಣದೆ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿದ್ದರೆ ಅನುಮಾನ ಪಡಿ. ಮರದ ಹಸಿರು ಸೊಪ್ಪು ದಿನಾ ಒಂದೊಂದು ಹಿಡಿ ಸಿಕ್ಕರೂ ತುಂಬಾ ಉಪಕಾರ.

ಪಾಪಾಸುಕಳ್ಳಿ · ಆರನೇ ದಿನ

ಹಸಿರು ಅಂದಿರಲ್ಲ, ನನ್ನ ಹೆಸರಿನ ಗಿಡದ ಬಗ್ಗೆ ಹೇಳಲೇಬೇಕು. ಮುಳ್ಳು ಸುಟ್ಟು ಕತ್ತರಿಸಿ ಹಾಕಿದರೆ ಕುರಿ, ಹಸು ಎರಡೂ ತಿನ್ನುತ್ತವೆ. ಸುಮಾರು 90 ಶೇಕಡ ನೀರೇ. ನೀರಿನ ಓಡಾಟ ಎಷ್ಟೋ ಉಳಿಯುತ್ತದೆ. ಆದರೆ ಇದನ್ನೇ ನಂಬಿ ಕೂರಬೇಡಿ. ಪ್ರೋಟೀನ್ ತೀರಾ ಕಡಿಮೆ, ನಾರೂ ಕಡಿಮೆ. ಬರೀ ಇದನ್ನೇ ಹಾಕಿದರೆ ಭೇದಿ. ಒಣಹುಲ್ಲಿನ ಜೊತೆ, ಸ್ವಲ್ಪ ಹಿಂಡಿಯ ಜೊತೆ ಕೊಟ್ಟರೆ ಒಳ್ಳೇ ಜೋಡಿ.

ಹಳೇ_ರೊಪ್ಪ · ಆರನೇ ದಿನ

ಬಯಲು ಮೇವು ಅವರೇ, 45 ಕುರಿಯನ್ನೂ ಒಂದೇ ಗುಂಪಲ್ಲಿ ಸಾಕ್ತಿದ್ದೀರಾ? ಒಡೆಯಿರಿ. ಗಬ್ಬದವು ಒಂದು ಕಡೆ, ಬಡಕಲು ಮತ್ತು ಸಣ್ಣವು ಒಂದು ಕಡೆ, ಗಟ್ಟಿಯವು ಒಂದು ಕಡೆ. ಹೊಟ್ಟೆಯಲ್ಲಿರೋ ಮರಿ ಬೆಳೆಯೋದು ಹೆಚ್ಚಾಗಿ ಕೊನೆಯ ಆರು ವಾರದಲ್ಲಿ. ಅವಳಿ ಇದ್ದರೆ ತಾಯಿ ಕುರಿಗೆ ಶಕ್ತಿ ಸಾಲದೆ, ಮೈಯ ಕೊಬ್ಬು ಕರಗಿ, ಕಣ್ಣು ಮಂಕಾಗಿ, ಗುಂಪಿನಿಂದ ದೂರ ನಿಂತು, ಆಮೇಲೆ ಮೇಲೇಳದೇ ಹೋಗುತ್ತದೆ. ಇರೋ ಅಷ್ಟು ಕಾಳು ಅವಕ್ಕೇ ಹೋಗಲಿ. ಎಲ್ಲಕ್ಕೂ ಸಮಪಾಲು ಅಂದರೆ ಗಟ್ಟಿ ಟಗರಿಗೆ ಬೊಜ್ಜು, ಗಬ್ಬದ ಕುರಿಗೆ ಗೋರಿ.

ಉಣ್ಣೆ ನೋಡಿ ಮೋಸ ಹೋಗಬೇಡಿ. ಸೊಂಟದ ಮೇಲೆ ಕೈ ಇಟ್ಟು ಒತ್ತಿ ನೋಡಿ. ಮೈಕಟ್ಟಿಗೆ ಕೊಡುವ 1ರಿಂದ 5ರ ಅಂಕ ಇದೆಯಲ್ಲ (1 ಅಂದರೆ ತೀರಾ ಬಡಕಲು, 5 ಅಂದರೆ ಬೊಜ್ಜು), 2ಕ್ಕಿಂತ ಕೆಳಗೆ ಇಳಿದದ್ದನ್ನು ಕೂಡಲೇ ಬೇರೆ ಮಾಡಿ. ಮರಿಗಳು ಎಂಟು-ಹತ್ತು ವಾರ ದಾಟಿದ್ದರೆ ಹಾಲು ಬಿಡಿಸಿ. ತಾಯಿ ಮೂಲಕ ಮರಿಗೆ ತಿನ್ನಿಸೋದಕ್ಕಿಂತ ಮರಿಗೇ ನೇರ ಒಳ್ಳೆಯ ಮೇವು ಹಾಕೋದು ಕಡಿಮೆ ಖರ್ಚು. ಕಾಳಿಗೆ ರೂಢಿಯಾದ ಮೇಲೆ ಕುರಿಗಳಿಗೆ ದಿನಾ ಹಾಕೋ ಬದಲು ಎರಡು ಮೂರು ದಿನದ್ದು ಒಟ್ಟಿಗೆ ಹರಡಿ ಹಾಕಬಹುದು. ಜೋರಿನವು ತಿಂದು ಸಾಕಾಗಿ ಹಿಂದೆ ಸರಿದ ಮೇಲೂ ಪುಕ್ಕಲುಗಳಿಗೆ ಉಳಿದಿರುತ್ತದೆ. ರೂಢಿಯಾದ ಮೇಲೆ ಅಂದೆ, ಅದಕ್ಕೆ ಮುಂಚೆ ಅಲ್ಲ!

ಕೊನೆಗೆ ಕಹಿ ಮಾತು. ಹಲ್ಲು ಉದುರಿದ ಮುದಿ ಕುರಿ, ಎರಡು ಸಲ ಗಬ್ಬ ನಿಲ್ಲದ ಹಸು ಇದ್ದರೆ ಈಗಲೇ ಮಾರಿ. ಮೈಯಲ್ಲಿ ಮಾಂಸ ಇರುವಾಗ. ಇನ್ನೊಂದು ತಿಂಗಳು ನೋಡೋಣ ಅಂತ ನೋಡಿದವರನ್ನು ನಾನು ಬಹಳ ಕಂಡಿದ್ದೇನೆ.

ಬಯಲು_ಮೇವು · ಆರನೇ ದಿನ, ರಾತ್ರಿ

ಐದು ಮುದಿ ಕುರಿ ಇವೆ. ಒಂದು ನಾನು ಸಾಕಿದ ಮೊದಲ ಕುರಿ. ನೋಡೋಣ.

ಬಯಲು_ಮೇವು · ಹದಿನೆಂಟನೇ ದಿನ

ತಡವಾಯಿತು, ಕ್ಷಮಿಸಿ. ಏನೇನು ಮಾಡಿದೆ ಹೇಳ್ತೀನಿ. ಬೆಳಗ್ಗೆ ಐದಕ್ಕೆ ಬಿಡ್ತಿದ್ದೀನಿ. ವಾರದ ಹಿಂದೆ ಎರಡು ತೊಟ್ಟಿ ಮೇವಿನ ಬಯಲಿಗೇ ತಂದು ಇಟ್ಟೆ, ನೀರು ಗಾಡಿಯಲ್ಲಿ ಹೊಡೀತೀನಿ. ಕೆಲಸ ಜಾಸ್ತಿ, ಬೆನ್ನು ನೋವು. ಹಿಂಡಿ ವಾರಕ್ಕೆ ಮೂರು ಸಲ. ಹನ್ನೊಂದನೇ ದಿನ ಸಗಣಿ ಮೆತ್ತಗಾಯಿತು. ಸಂಜೆ ಹಾಕಿದ ಸೊಪ್ಪೆ ಬೆಳಗ್ಗೆ ನೋಡಿದರೆ ಕಡ್ಡಿಯೂ ಉಳಿದಿರಲ್ಲ. ಹಾಲು ಸ್ವಲ್ಪ ಏರಿದೆ, ಮೊದಲಿನಷ್ಟು ಇಲ್ಲ. ಕಾಳು ಗಬ್ಬದ ಹನ್ನೆರಡು ಕುರಿಗೆ ಮಾತ್ರ, ಈಗ 250 ಗ್ರಾಂಗೆ ಬಂದಿದ್ದೀನಿ.

ಮತ್ತೆ ಖುಷಿ ಸುದ್ದಿ. ನಿನ್ನೆ ರಾತ್ರಿ ಮಳೆ ಬಂತು! ಪಕ್ಕದ ಹೊಲದಲ್ಲಿ ಒಣಗಿದ್ದ ಜೋಳದ ಕೂಳೆ ನಾಲ್ಕು ದಿನದಲ್ಲಿ ಚಿಗುರುತ್ತೆ. ಬಿಟ್ಟುಬಿಡ್ತೀನಿ, ಪಾಪ ಎಷ್ಟು ದಿನ ಆಯಿತು ಹಸಿರು ತಿಂದು.

ಪಶುವೈದ್ಯೆ · ಹದಿನೆಂಟನೇ ದಿನ

ಬಿಡಬೇಡಿ! ಬಾಡಿದ ಜೋಳದ ಕೂಳೆಚಿಗುರಿನಷ್ಟು ಅಪಾಯ ಇನ್ನೊಂದಿಲ್ಲ. ಎಳೆ ಚಿಗುರಲ್ಲಿ ಸಯನೈಡ್ ಅಂಶ ತುಂಬಿರುತ್ತದೆ. ಹಸಿದ ದನ ಹೊಟ್ಟೆ ಬಿರಿಯ ತಿಂದರೆ ನಿಮಿಷಗಳಲ್ಲಿ ಉಸಿರು ಕಟ್ಟುತ್ತದೆ. ರಕ್ತ ಕಡು ಕೆಂಪಾಗಿರುತ್ತದೆ, ಯಾಕೆಂದರೆ ರಕ್ತದಲ್ಲಿ ಆಮ್ಲಜನಕ ಇದ್ದರೂ ಮೈಯ ಕಣಗಳು ಅದನ್ನು ಬಳಸಲು ಆಗಲ್ಲ. ಚಿಗುರು ಮೊಣಕಾಲು ಎತ್ತರ ಚೆನ್ನಾಗಿ ದಾಟಲಿ. ಕತ್ತರಿಸಿ ಪೂರ್ತಿ ಒಣಗಿಸಿದರೆ ಈ ವಿಷ ಬಹುಮಟ್ಟಿಗೆ ಹೋಗುತ್ತದೆ.

ಇನ್ನೊಂದು ನೈಟ್ರೇಟ್. ಬರದಲ್ಲಿ ಗಿಡದ ಬುಡದ ದಂಟಿನಲ್ಲಿ ಕೂಡಿಕೊಂಡಿರುತ್ತದೆ. ಮಳೆ ಬಿದ್ದ ಮೇಲೆ ಕೆಲವು ದಿನ ಇನ್ನೂ ಜಾಸ್ತಿ. ಇದರಲ್ಲಿ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಒಣಗಿಸಿದರೂ ಹೋಗಲ್ಲ, ಹುಲ್ಲಿನಲ್ಲಿ ಹಾಗೇ ಉಳಿಯುತ್ತದೆ. ರಸಮೇವು (ಗಾಳಿ ಆಡದ ಹಾಗೆ ಮುಚ್ಚಿ ಹುದುಗಿಸಿದ ಹಸಿಮೇವು) ಮಾಡಿದರೆ ಅರ್ಧದಷ್ಟು ಇಳಿಯಬಹುದು. ಎರಡು ವಿಷಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಬಿದ್ದ ಪ್ರಾಣಿಯ ರಕ್ತದ ಬಣ್ಣ ಏನಿತ್ತು ಅಂತ ಫೋನಲ್ಲೇ ಹೇಳಿದರೆ ನಮಗೆ ದಾರಿ ಅರ್ಧ ಕಡಿಮೆಯಾಗುತ್ತದೆ.

ನೆರಳು_ನೀರು · ಹತ್ತೊಂಬತ್ತನೇ ದಿನ

ಜೋಳ ಬಿಡದಿದ್ದರೂ ಬಯಲ ಹುಲ್ಲಿನ ಮೋಸ ಒಂದಿದೆ. ದೂರದಿಂದ ಹಸಿರು ಹಾಸಿದ ಹಾಗೆ ಕಾಣುತ್ತೆ, ಹತ್ತಿರ ಹೋದರೆ ಬೆರಳು ಉದ್ದ ಇಲ್ಲ. ಕುರಿಗಳು ಒಣಹುಲ್ಲು ಬಿಟ್ಟು ಆ ಹಸಿರಿನ ಹಿಂದೆ ದಿನವಿಡೀ ಓಡುತ್ತವೆ. ನಡಿಗೆ ಜಾಸ್ತಿ, ಹೊಟ್ಟೆಗೆ ಬೀಳೋದು ಹೆಚ್ಚಾಗಿ ನೀರು. ಮಳೆ ಬಂದ ಮೇಲೆ ಕುರಿ ಸಾಯೋದು ಇದೇ ವಾರಗಳಲ್ಲಿ. ಇನ್ನೂ ಎರಡು ಮೂರು ವಾರ ಸಂಜೆಯ ಸೊಪ್ಪೆ, ಹಿಂಡಿ ನಿಲ್ಲಿಸಬೇಡಿ. ಬೆಳಗ್ಗೆ ಒಂದಿಷ್ಟು ಒಣಮೇವು ತಿನ್ನಿಸಿ ಆಮೇಲೆ ಬಿಡಿ. ಹುಲ್ಲಿಗೂ ಬೇರು ಹಿಡಿಯೋಕೆ ಸಮಯ ಸಿಗಲಿ.

ಪಶುವೈದ್ಯೆ · ಹತ್ತೊಂಬತ್ತನೇ ದಿನ

ಹೌದು. ಮತ್ತೆ ಕರುಳುಬೇನೆಯ ಲಸಿಕೆ ಹಾಕಿಸಿಲ್ಲದಿದ್ದರೆ ಹಾಕಿಸಿ. ಮೇವು ಏಕಾಏಕಿ ಬದಲಾದಾಗ ಚೆನ್ನಾಗಿ ತಿನ್ನುವ ಮರಿಗಳೇ ಮೊದಲು ಹೋಗುತ್ತವೆ.

ಬಯಲು_ಮೇವು · ಇಪ್ಪತ್ತಾರನೇ ದಿನ

ಜೋಳದ ಹೊಲಕ್ಕೆ ಬೇಲಿ ಕಟ್ಟಿದೆ. ಒಂದು ಹಸು ಬೇಲಿ ಹತ್ತಿರವೇ ನಿಂತು ನನ್ನನ್ನು ಬೈಯ್ಯೋ ಹಾಗೆ ನೋಡುತ್ತೆ. ಲಸಿಕೆ ಆಯಿತು. ಎರಡು ಕುರಿ ಮರಿ ಹಾಕಿವೆ, ಒಂದು ಅವಳಿ. ತಾಯಿ ಎದ್ದು ಓಡಾಡ್ತಿದೆ.

ಮುದಿ ಕುರಿಗಳಲ್ಲಿ ನಾಲ್ಕನ್ನು ಮಾರಿದೆ. ಹಳೇ ರೊಪ್ಪದ ಅಣ್ಣ ಹೇಳಿದ ವಾರವೇ ಮಾರಿದ್ದರೆ ಇನ್ನೂ ನಾಲ್ಕಾರು ಕೆಜಿ ಜಾಸ್ತಿ ತೂಗುತ್ತಿದ್ದವು. ಐದನೆಯದನ್ನು ಮಾರಲಿಲ್ಲ. ಬೈಬೇಡಿ.

ಹಳೇ_ರೊಪ್ಪ · ಇಪ್ಪತ್ತಾರನೇ ದಿನ

ಬೈಯ್ಯಲ್ಲ. ನನ್ನ ಹತ್ತಿರವೂ ಅಂಥದ್ದೊಂದು ಇದೆ. ಹಲ್ಲಿಲ್ಲದ್ದಕ್ಕೆ ಹಿಂಡಿ ನೆನೆಸಿ ಕೊಡಿ.

ನೆರಳು_ನೀರು · ಇಪ್ಪತ್ತಾರನೇ ದಿನ

ದೊಡ್ಡ ಹಸುವಿನ ಉಸಿರು ಎಣಿಸಿದ್ರಾ ಆಮೇಲೆ?

ಬಯಲು_ಮೇವು · ಇಪ್ಪತ್ತಾರನೇ ದಿನ

ಇವತ್ತು ಮಧ್ಯಾಹ್ನ ಎರಡೂವರೆಗೆ, ಮರದ ಕೆಳಗೆ ಮಲಗಿ ಮೆಲುಕು ಹಾಕ್ತಿತ್ತು. 46.